ಸಾಹೇಬ್ರ ಕೈಗೆ ಸಾಲದ ಐರನ್ನು

ಗಾಲ್ಫ್ ಮೈದಾನದಲ್ಲಿ ಕೋಲಿನ ಚೀಲ ಹೊರೋ ಮುನಿಶಾಮಪ್ಪನ್ನ ಡೈರೆಕ್ಟರ್ ಸಾಹೇಬ್ರು ಕರೆದ್ರು. ಅವ್ರ ಕೈಲಿ ಚಾಂಪಿಯನ್ನುಗಳು ಹಿಡಿಯೋ ಕಬ್ಬಿಣದ ಕೋಲು, ಐರನ್ನು ಅಂತಾರೆ, ಚಾಕುವಿನಷ್ಟು ತೆಳ್ಳಗೆ. ಅದ್ರಲ್ಲಿ ಸಾಹೇಬ್ರು ಹೊಡೆದ ಚೆಂಡು ಒಂದ್ಸಲ ಕ್ಲಬ್ಬಿನ ಅಡುಗೆಮನೆ ಸಾಂಬಾರಿಗೇ ಬಿದ್ದಿತ್ತು, ಬೇಕಾದ್ರೆ ನಂಬಿ.

"ನನಗೆ ಯಾವ ಐರನ್ ಸರಿ, ಹೇಳಯ್ಯ. ಹೊಸಬರು ಹಿಡಿಯೋ ಅಗಲದ್ದು ಅಂದ್ಯೋ, ನಾಳೆಯಿಂದ ಬರಬೇಡ. ಭಾನುವಾರದ ಪಂದ್ಯ ನಾನು ಸೋತ್ರೂ ಬರಬೇಡ."

ಮುನಿಶಾಮಪ್ಪ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಚೆಂಡುಗಳಿಗೆ ಬಳಿದ. "ನಾನ್ಯಾರು ಹೇಳೋಕೆ ಸ್ವಾಮಿ? ಐರನ್ನೇ ಹೇಳ್ಲಿ. ಹತ್ತು ಹೊಡೀರಿ."

ಹೊಡೆದ್ರು. ಐರನ್ನಿನ ತುದೀಲಿ ಸುಣ್ಣ, ಬುಡದಲ್ಲಿ ಸುಣ್ಣ, ಹಿಡಿಕೋಲಿನ ಮೇಲೂ ಒಂದು ಬೊಟ್ಟು. ನೋಡ್ತಿದ್ದ ಬೇರೆ ಸಾಹೇಬ್ರು ಕೆಮ್ಮಿದ್ರು.

ಮುನಿಶಾಮಪ್ಪ ಕೈಮುಗಿದ. "ಚಾಂಪಿಯನ್ನಿಗೆ ಕಾಸಿನಗಲ ಜಾಗ ಸಾಕು ಸ್ವಾಮಿ. ಪಾಪ, ಅಷ್ಟರಲ್ಲೇ ಹೊಡ್ಕೊಂಡು ಬದುಕ್ತಾನೆ. ನಿಮ್ಮದು ದೊಡ್ಡ ಕೈ. ಐರನ್ ಪೂರ್ತಿ ಬಳಸಿದ್ರೂ ಜಾಗ ಸಾಲ್ತಿಲ್ಲ."

"ನಾನೂ ಅದನ್ನೇ ಅಂದ್ಕೊಂಡಿದ್ದೆ" ಅಂದ್ರು ಸಾಹೇಬ್ರು, ಎದೆ ಉಬ್ಬಿಸಿ. ಅವತ್ತೇ ಅಗಲದ್ದು ತರಿಸಿದ್ರು.

ಭಾನುವಾರ ಅಗಲದ ಐರನ್ನಿನ ಎಲ್ಲಿ ತಗುಲಿದ್ರೂ ಚೆಂಡು ನೆಟ್ಟಗೆ ಹೋಯ್ತು. ಗೆದ್ದೇಬಿಟ್ರು.

ಸೋಮವಾರ ಮುನಿಶಾಮಪ್ಪ ಕಾಲ್ಮೇಲೆ ಕಾಲು ಹಾಕ್ಕೊಂಡು ಮರದ ಕೆಳಗೆ ಕೂತಿದ್ದ. ಎದುರಿಗೆ ಆರು ಜನ ಸಾಹೇಬ್ರು ತೆಳ್ಳಗಿನ ಐರನ್ ಹಿಡ್ಕೊಂಡು ಸಾಲಾಗಿ ನಿಂತಿದ್ರು.

"ನಮ್ಮ ಕೈಗೂ ಇದು ಸಾಲ್ತಿಲ್ಲ ಅನ್ಸುತ್ತೆ, ಸ್ವಲ್ಪ ನೋಡಿ ಮುನಿಶಾಮಪ್ಪನವರೇ."