ಆಸ್ತಜ್ಜಿಯ ಹಣ್ಣಿನ ಶರಬತ್ತು

ದೂರದ ಉತ್ತರದಲ್ಲಿ, ನಾರ್ವೆ ಎಂಬ ದೇಶದಲ್ಲಿ, ಸಮುದ್ರದ ಅಂಚಿಗೆ ಅಂಟಿಕೊಂಡಂತೆ ಒಂದು ಮೀನುಗಾರರ ಊರಿತ್ತು. ಅಲ್ಲಿ ಚಳಿಗಾಲ ಬಂತೆಂದರೆ ಸೂರ್ಯ ವಾರಗಟ್ಟಲೆ ಮೇಲೇಳುವುದೇ ಇಲ್ಲ. ಮಧ್ಯಾಹ್ನದ ಊಟಕ್ಕೂ ದೀಪ ಹಚ್ಚಬೇಕು. ಬೇಸಗೆಯಲ್ಲಿ ಅದೇ ಸೂರ್ಯ ಮುಳುಗುವುದನ್ನೇ ಮರೆಯುತ್ತಾನೆ. ಆ ಚಿಕ್ಕ ಬೇಸಗೆಯಲ್ಲಿ ನೆಲ ಅವಸರ ಅವಸರವಾಗಿ ಹೂ ಬಿಟ್ಟು, ಕಾಯಿ ಕಟ್ಟಿ, ಹಣ್ಣಾಗಿಬಿಡುತ್ತದೆ. ಜನ ಹಣ್ಣುಗಳನ್ನು ಆಯ್ದು, ಕುದಿಸಿ, ಸೋಸಿ, ಸಕ್ಕರೆ ಬೆರೆಸಿ ಶೀಷೆಗಳಲ್ಲಿ ತುಂಬಿಡುತ್ತಾರೆ. ನಮ್ಮ ಕರಾವಳಿಯಲ್ಲಿ ಪುನರ್ಪುಳಿ ಶರಬತ್ತು ಮಾಡಿಟ್ಟುಕೊಳ್ಳುವುದಿಲ್ಲವೇ, ಹಾಗೆ. ನಮಗೆ ಅದು ಬಿಸಿಲಿನ ದಾಹಕ್ಕೆ. ಅವರಿಗೆ ಕತ್ತಲೆಯ ದಿನಗಳಿಗೆ.

ಆ ಊರಲ್ಲಿ ಆಸ್ತಾ ಎಂಬ ಅಜ್ಜಿ ಇದ್ದಳು. ಉಳಿದವರೆಲ್ಲ ಗುಡ್ಡದ ಮೇಲಿನ ಕಪ್ಪು ಹಣ್ಣು, ಕೆಂಪು ಹಣ್ಣುಗಳಿಂದ ಶರಬತ್ತು ಮಾಡಿದರೆ ಆಸ್ತಜ್ಜಿ ಮಾಡುತ್ತಿದ್ದುದು ಮುಲ್ತೆ ಎಂಬ ಹಣ್ಣಿನಿಂದ. ಈ ಮುಲ್ತೆ ಒಂದು ವಿಚಿತ್ರ ಹಣ್ಣು. ಎಷ್ಟೋ ಹಣ್ಣುಗಳು ಮಾಗಿದಾಗ ಕೆಂಪಾದರೆ ಇದು ಕಾಯಾಗಿದ್ದಾಗ ಕೆಂಪು, ಮಾಗಿದಾಗ ಹೊನ್ನಿನ ಬಣ್ಣ. ಗಿಡ ಗೇಣುದ್ದ. ಒಂದು ಗಿಡಕ್ಕೆ ಒಂದೇ ಹಣ್ಣು. ಅದೂ ಬೆಳೆಯುವುದು ಕಾಲಿಟ್ಟರೆ ಒಳಗೆಳೆಯುವ ಜೌಗಿನಲ್ಲಿ.

ಊರಾಚೆಯ ದೊಡ್ಡ ಜೌಗಿನ ನಡುವೆ ಎಲ್ಲೋ ಮುಲ್ತೆ ಹೇರಳವಾಗಿ ಬೆಳೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೆ ಹೋಗುವ ಗಟ್ಟಿ ನೆಲದ ದಾರಿ ಮಾತ್ರ ಆಸ್ತಜ್ಜಿಗೊಬ್ಬಳಿಗೇ ಗೊತ್ತು. ಅದನ್ನು ಅವಳ ತಾಯಿ ತೋರಿಸಿಕೊಟ್ಟಿದ್ದಳು. ತೋರಿಸುವಾಗಲೇ "ಯಾರಿಗೂ ಹೇಳಬೇಡ. ಹೇಳಿದ ದಿನ ಅದು ನಮ್ಮದಾಗಿ ಉಳಿಯೋದಿಲ್ಲ" ಎಂದಿದ್ದಳು.

ಆಸ್ತಜ್ಜಿ ಜಿಪುಣಿಯಲ್ಲ. ಚಳಿಗಾಲದಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ, ಯಾರಿಗೆ ಜ್ವರ ಬಂದರೂ ಹೊನ್ನಿನ ಬಣ್ಣದ ಒಂದು ಶೀಷೆ ಅವಳ ಮನೆಯಿಂದ ಹೋಗುತ್ತಿತ್ತು. ಬಿಸಿನೀರಿಗೆ ಸ್ವಲ್ಪ ಹಾಕಿದರೆ ಸಾಕು, ಕೋಣೆಯೆಲ್ಲ ಬೇಸಗೆಯ ವಾಸನೆ. ಜನ ಅವಳ ಕೈಹಿಡಿದು "ನೀವಿಲ್ಲದಿದ್ದರೆ ನಮ್ಮ ಗತಿ ಏನು ಅಜ್ಜಿ" ಎನ್ನುವರು. ಆ ಮಾತು ಕೇಳಿದಾಗ ಅವಳಿಗೆ ಒಳಗೊಳಗೇ ಹಿತವಾಗುತ್ತಿತ್ತು. ಕೊಡಬೇಕು, ಆದರೆ ಕೊಡುವವಳು ತಾನೊಬ್ಬಳೇ ಆಗಿರಬೇಕು. ಇದು ಅವಳ ಆಸೆ. ಅದನ್ನು ಅವಳು ತನಗೇ ಹೇಳಿಕೊಂಡಿರಲಿಲ್ಲ.

ಒಂದು ವರ್ಷ ಬೇಸಗೆ ಮುಗಿಯುತ್ತ ಬಂದಿತ್ತು. ಹಳೆಯ ಶೀಷೆಗಳೆಲ್ಲ ಖಾಲಿ. ಜೌಗಿನಲ್ಲಿ ಹಣ್ಣು ಮಾಗಿತ್ತು, ಆದರೆ ಅಜ್ಜಿಯ ಮೊಣಕಾಲು ಊದಿಕೊಂಡಿತ್ತು. ಆಗ ಪಕ್ಕದ ಮನೆಯ ಹೆಲ್ಗಾ ಬಂದಳು. ಅವಳ ಗಂಡ ಮೀನು ಹಿಡಿಯಲು ದೂರದ ಸಮುದ್ರಕ್ಕೆ ಹೋಗಿದ್ದ. ಪುಟ್ಟ ಮಗಳು ಸಿಗ್ನೆಗೆ ಜ್ವರ.

"ಅಜ್ಜಿ, ಮಗು ನೀರೂ ಕುಡೀತಿಲ್ಲ. ಏನು ಕೊಟ್ಟರೂ ಬಾಯಿ ತಿರುಗಿಸ್ತದೆ. ನಿಮ್ಮ ಶರಬತ್ತು ಬೇಕು ಅಂತ ಒಂದೇ ಹಟ."

"ಒಂದು ತೊಟ್ಟೂ ಉಳಿದಿಲ್ಲ ಮಗಳೇ. ಮೊಣಕಾಲು ನೋವು ಇಳೀಲಿ. ನಾಳೆಯೋ ನಾಳಿದ್ದೋ ಹೋಗಿ ತರ್ತೀನಿ."

"ದಾರಿ ಹೇಳಿ ಸಾಕು ಅಜ್ಜಿ. ನಾನೇ ಹೋಗಿ ಬರ್ತೀನಿ. ಯಾರಿಗೂ ಹೇಳಲ್ಲ."

ಆಸ್ತಜ್ಜಿ ಮುಖ ತಿರುಗಿಸಿದಳು. "ಅದೊಂದು ಕೇಳಬೇಡ. ಈ ಊರಿಗೆ ನಾನು ಯಾವತ್ತಾದರೂ ಇಲ್ಲ ಅಂದಿದ್ದೀನಾ? ನಾನೇ ತಂದುಕೊಡ್ತೀನಿ, ತಡ್ಕೋ."

ಹೆಲ್ಗಾ ಹೊರಟುಹೋದಳು.

ಮಧ್ಯಾಹ್ನ ಸಮುದ್ರದ ಕಡೆಯಿಂದ ದಟ್ಟ ಮಂಜು ಇಳಿಯಿತು. ಸ್ವಲ್ಪ ಹೊತ್ತಿಗೆ ಮೀನುಗಾರ ಓಲಾವ್ ಏದುಸಿರು ಬಿಡುತ್ತ ಅಜ್ಜಿಯ ಬಾಗಿಲಿಗೆ ಬಂದ.

"ಹೆಲ್ಗಾ ಮಗೂನ ನಮ್ಮನೇಲಿ ಬಿಟ್ಟು ಒಬ್ಬಳೇ ಜೌಗಿಗೆ ಹೋಗಿದ್ದಾಳೆ. ಹುದುಲು ಕೆಸರಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ ಅನ್ಸುತ್ತೆ. ಕೂಗು ಕೇಳಿಸ್ತದೆ, ಹತ್ತಿರ ಹೋಗೋಕೆ ದಾರಿ ತಿಳೀತಿಲ್ಲ. ನೀವು ಬರಲೇಬೇಕು."

ಅಜ್ಜಿ ಕೋಲು ಹಿಡಿದು ಹೊರಟಳು. ಜೌಗಿನ ಅಂಚಿನಲ್ಲಿ ಊರಿಗೆ ಊರೇ ನಿಂತಿತ್ತು. ಮಂಜಿನೊಳಗಿಂದ ಹೆಲ್ಗಾಳ ಕೂಗು ಕ್ಷೀಣವಾಗಿ ಬರುತ್ತಿತ್ತು. ಅಜ್ಜಿ ಒಬ್ಬಳೇ ಹೋದರೆ ಅವಳ ಬಳಿ ತಲುಪಬಹುದು, ಎಳೆದು ಮೇಲೆತ್ತಲಾರಳು. ಎತ್ತಬೇಕಾದರೆ ಜನ ಬೇಕು. ಜನ ಬಂದರೆ ದಾರಿ ಎಲ್ಲರದಾಗುತ್ತದೆ.

ಅಜ್ಜಿ ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ನಿಂತಳು. ತಾಯಿಯ ಮಾತು ಕಿವಿಯಲ್ಲಿತ್ತು. ಹೆಲ್ಗಾಳ ಕೂಗೂ ಕಿವಿಯಲ್ಲಿತ್ತು. ಅವಳು ತಿರುಗಿ ಗಟ್ಟಿಯಾಗಿ ಹೇಳಿದಳು: "ಎಲ್ಲರೂ ನನ್ನ ಹಿಂದೆ ಬನ್ನಿ. ಕುಳ್ಳ ಪೊದೆ ಇರೋ ಕಡೆ ನೆಲ ಗಟ್ಟಿ. ಬರೀ ಪಾಚಿ ಇರೋ ಕಡೆ ಕೆಳಗೆ ನೀರು. ನಾನು ಕಾಲಿಟ್ಟಲ್ಲೇ ಕಾಲಿಡಿ."

ಎಷ್ಟೋ ವರ್ಷ ಬಚ್ಚಿಟ್ಟಿದ್ದ ಗುಟ್ಟು ಅಷ್ಟೇ ಮಾತಿನಲ್ಲಿ ಮುಗಿದುಹೋಯಿತು.

ಹೆಲ್ಗಾ ಸೊಂಟದವರೆಗೆ ಹುದುಲಲ್ಲಿ ಇಳಿದಿದ್ದಳು. ತುಟಿ ನೀಲಿಯಾಗಿತ್ತು. ಓಲಾವ್ ಪಾಚಿಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಕೈಚಾಚಿದ. ಅವನ ಕಾಲನ್ನು ಇನ್ನೊಬ್ಬ ಹಿಡಿದ, ಅವನ ಕಾಲನ್ನು ಮತ್ತೊಬ್ಬಳು. ಹೀಗೆ ಗಟ್ಟಿ ನೆಲದವರೆಗೂ ಮನುಷ್ಯರದೇ ಒಂದು ಹಗ್ಗವಾಯಿತು. ಎಲ್ಲರೂ ಒಟ್ಟಿಗೆ ಎಳೆದರು. ಜೌಗು ಹೆಲ್ಗಾಳನ್ನು ನಿಧಾನವಾಗಿ, ಒಲ್ಲದ ಮನಸ್ಸಿನಿಂದ ಎಂಬಂತೆ, ಬಿಟ್ಟುಕೊಟ್ಟಿತು. ಅಜ್ಜಿ ತನ್ನ ಶಾಲು ತೆಗೆದು ಅವಳಿಗೆ ಸುತ್ತಿದಳು. ಇಬ್ಬರೂ ಅತ್ತರು.

ಆಗ ಗಾಳಿ ಬೀಸಿತು. ಮಂಜು ಪರದೆಯಂತೆ ಸರಿಯಿತು. ಓರೆ ಬಿಸಿಲು ನೆಲದ ಮೇಲೆ ಬಿತ್ತು. ಜನ ತಲೆಯೆತ್ತಿ ನೋಡಿದರು. ಕಣ್ಣು ಹೋಗುವಷ್ಟು ದೂರ ಮುಲ್ತೆ. ಒಂದೊಂದು ಗಿಡದ ತುದಿಯಲ್ಲೂ ಒಂದೊಂದು ಹಣ್ಣು, ಒಳಗೆ ದೀಪ ಹಚ್ಚಿಟ್ಟಂತೆ. ನೀರಿನ ಹನಿ ಒಂದೊಂದರ ಮೇಲೂ ಹೊಳೆಯುತ್ತಿತ್ತು. ದೂರದಲ್ಲಿ ಹಿಮಸಾರಂಗಗಳು ತಲೆ ತಗ್ಗಿಸಿ ತಮ್ಮ ಪಾಲು ಮೇಯುತ್ತಿದ್ದವು. ಗಂಡಸರು ತಮಗರಿವಿಲ್ಲದೆ ಟೊಪ್ಪಿ ತೆಗೆದರು. ಅಷ್ಟು ವರ್ಷ ನೋಡಿದ್ದ ಆಸ್ತಜ್ಜಿಗೂ ಅದು ಹೊಸದಾಗಿ ಕಂಡಿತು. ಅಷ್ಟು ಕಣ್ಣುಗಳ ಜೊತೆ ನಿಂತು ಅವಳು ಅದನ್ನು ಎಂದೂ ನೋಡಿರಲಿಲ್ಲ.

ಜನ ಹೆಲ್ಗಾಳನ್ನು ಎತ್ತಿಕೊಂಡು ಹೊರಡುವಷ್ಟರಲ್ಲಿ ಅಜ್ಜಿ ತಾನೊಬ್ಬಳೇ ಅವಸರದಲ್ಲಿ ಗಂಡಸರ ಟೊಪ್ಪಿಗಳ ತುಂಬ ಹಣ್ಣು ಕಿತ್ತುಕೊಂಡಳು. ಅವತ್ತೇ ಅವಳ ಅಡುಗೆಮನೆಯಲ್ಲಿ ಒಲೆ ಉರಿಯಿತು. ಜಾಗವೇ ತಿಳಿದ ಮೇಲೆ ಮಾಡುವ ಬಗೆಯನ್ನು ಬಚ್ಚಿಟ್ಟು ಏನು ಮಾಡುವುದು? ಅವಳು ಬಾಗಿಲು ಹಾಕಲಿಲ್ಲ. ಹಣ್ಣಿಗೆ ಸ್ವಲ್ಪವೇ ನೀರು ಹಾಕಿ ಸಣ್ಣ ಉರಿಯಲ್ಲಿಟ್ಟಳು. ಹಣ್ಣು ಒಡೆದು ರಸ ಬಿಟ್ಟಿತು. ಸ್ಟೂಲನ್ನು ತಲೆಕೆಳಗು ಮಾಡಿ, ಅದರ ನಾಲ್ಕು ಕಾಲಿಗೆ ತೆಳು ಬಟ್ಟೆ ಕಟ್ಟಿ, ಕೆಳಗೆ ಪಾತ್ರೆ ಇಟ್ಟು, ರಸವನ್ನು ಬಟ್ಟೆಗೆ ಸುರಿದಳು. ತೊಟ್ಟು ತೊಟ್ಟಾಗಿ ಇಳಿಯತೊಡಗಿತು.

ಓಲಾವ್‌ಗೆ ತಡೆಯಲಾಗಲಿಲ್ಲ. "ಬಟ್ಟೆ ಹಿಂಡಿದರೆ ಬೇಗ ಆಗಲ್ವಾ ಅಜ್ಜಿ?"

"ಹಿಂಡಿದರೆ ಮಡ್ಡಿ ಬರುತ್ತೆ. ಸುಮ್ಮನೆ ಬಿಟ್ಟರೆ ಬೆಳಕು ಬರುತ್ತೆ."

ಎಲ್ಲರೂ ಸುಮ್ಮನೆ ಕೂತು ಆ ತೊಟ್ಟುಗಳನ್ನೇ ನೋಡಿದರು. ಆಮೇಲೆ ಸಕ್ಕರೆ ಬಿತ್ತು. ಒಂದು ಕುದಿ ಬಂತು. ಅಜ್ಜಿ ನೊರೆ ತೆಗೆದು, ಬಿಸಿ ಮಾಡಿಟ್ಟ ಶೀಷೆಗೆ ತುಂಬಿದಳು. ಮೊದಲ ಶೀಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಜೌಗಿನ ಆ ಸಂಜೆಯೇ ಅದರೊಳಗೆ ಬಂದು ಕೂತಂತಿತ್ತು.

ಸಿಗ್ನೆ ಎರಡು ಕೈಯಲ್ಲಿ ಲೋಟ ಹಿಡಿದು ಪೂರ್ತಿ ಕುಡಿದಳು. ಇನ್ನೂ ಬೇಕು ಎಂದಳು. ಶರಬತ್ತಿನಿಂದಲೇ ಜ್ವರ ಬಿಟ್ಟಿತೋ, ತನ್ನ ಕಾಲಕ್ಕೆ ತಾನೇ ಬಿಟ್ಟಿತೋ, ಹೇಳಲಾರೆ. ಆದರೆ ನೀರೂ ಒಲ್ಲೆ ಎನ್ನುತ್ತಿದ್ದ ಮಗು ಅಂದಿನಿಂದ ಚೇತರಿಸಿಕೊಂಡಿತು.

ಚಳಿಗಾಲವಿಡೀ ಆಸ್ತಜ್ಜಿಗೆ ಒಂದೇ ಚಿಂತೆ. ಹೆಲ್ಗಾ ಬದುಕಿದ್ದಕ್ಕೆ ಸಂತೋಷವಿತ್ತು. ಆದರೂ ಜೌಗು ಹೋಯಿತು, ಬರುವ ಬೇಸಗೆಯಲ್ಲಿ ಜನ ನುಗ್ಗಿ ಗಿಡವನ್ನೂ ಬಿಡದೆ ತುಳಿದುಹಾಕುತ್ತಾರೆ, ಇನ್ನು ತನ್ನ ಬಾಗಿಲು ತಟ್ಟುವವರು ಯಾರು ಎಂದು ಕೊರಗಿದಳು.

ಮತ್ತೆ ಬೇಸಗೆ ಬಂತು. ಹಣ್ಣು ಮಾಗುವ ಕಾಲವೂ ಬಂತು. ಅಜ್ಜಿಗೆ ಹೋಗಿ ನೋಡುವ ಧೈರ್ಯವಿಲ್ಲ. ದಿನ ತಳ್ಳಿದಳು. ಕಡೆಗೆ ಉಳಿದಿದ್ದನ್ನಾದರೂ ನೋಡಿ ಬರೋಣ ಎಂದು ಕೋಲೂರಿಕೊಂಡು ಹೊರಟಳು.

ಜೌಗಿನ ಅಂಚಿಗೆ ಬಂದು ನಿಂತೇಬಿಟ್ಟಳು. ಗಟ್ಟಿ ನೆಲದ ದಾರಿಯುದ್ದಕ್ಕೂ ಮರದ ಹಲಗೆ ಹಾಸಿತ್ತು. ಎಡವದಂತೆ ಒತ್ತೊತ್ತಾಗಿ, ಹಿಡಿದು ನಡೆಯಲು ಒಂದು ಪಕ್ಕಕ್ಕೆ ಹಗ್ಗ ಕಟ್ಟಿ. ದಾರಿಯ ಕೊನೆಯಲ್ಲಿ ಊರಿನವರು ಬುಟ್ಟಿ ಹಿಡಿದು ಕೂತಿದ್ದರು. ಬುಟ್ಟಿಗಳು ಖಾಲಿ. ಅವರ ಮುಂದೆ ಜೌಗು ತುಂಬ ಹೊನ್ನು. ಒಂದು ಹಣ್ಣೂ ಕಿತ್ತಿರಲಿಲ್ಲ.

"ಯಾಕೆ, ಯಾರೂ ಕೀಳಲಿಲ್ಲ?" ಎಂದಳು ಅಜ್ಜಿ.

ಹೆಲ್ಗಾ ಎದ್ದು ಬಂದು ಅವಳ ಕೈಹಿಡಿದಳು. "ದಾರಿ ತೋರಿಸಿದ್ದೀರಿ, ಮಾಡೋದು ತೋರಿಸಿದ್ದೀರಿ. ಗಿಡಕ್ಕೆ ನೋವಾಗದ ಹಾಗೆ ಕೀಳೋದು ಹೇಗೆ ಅಂತ ಇನ್ನೂ ತೋರಿಸಿಲ್ಲವಲ್ಲ ಅಜ್ಜಿ. ದಿನಾ ಬಂದು ಕಾಯ್ತಾ ಇದ್ದೇವೆ."

ಆಸ್ತಜ್ಜಿ ಜೌಗನ್ನು ನೋಡಿದಳು. ಯಾರೂ ಬಿತ್ತಿದ್ದಲ್ಲ, ಯಾರೂ ನೀರೆರೆದದ್ದಲ್ಲ. ಯಾರದು ಎಂದು ಕೇಳದೆ ಪ್ರತಿ ಬೇಸಗೆಯೂ ಅದು ಹಣ್ಣು ಬಿಟ್ಟಿತ್ತು. ಇದನ್ನು ತನ್ನದು ಎಂದುಕೊಂಡು ಎಷ್ಟು ಕಾಲ ಭಯದಲ್ಲಿ ಬದುಕಿದೆ ಎಂದು ಅವಳಿಗೆ ಆಶ್ಚರ್ಯವಾಯಿತು. ಅವಳು ಹಗ್ಗ ಹಿಡಿದು ನಿಧಾನವಾಗಿ ಬಗ್ಗಿದಳು. ಜನ ಸುತ್ತ ಬಂದು ಬಗ್ಗಿದರು.

"ಎರಡೇ ಬೆರಳು ಸಾಕು" ಎಂದಳು ಅಜ್ಜಿ. "ಎಳೀಬೇಡಿ. ಮಾಗಿದ್ದರೆ ಅದೇ ಕೈಗೆ ಬರುತ್ತೆ."

ನೀತಿ: ಲೋಟ ತುಂಬಿ ಕೊಡುವವರು ಒಳ್ಳೆಯವರು, ಹಣ್ಣಿರುವ ದಾರಿಯನ್ನೇ ತೋರಿಸಿಕೊಡುವವರು ಇನ್ನೂ ದೊಡ್ಡವರು. ಭೂಮಿ ಎಲ್ಲರಿಗಾಗಿ ಕೊಟ್ಟದ್ದಕ್ಕೆ ನಾವು ಕಾವಲಿರಬಹುದು, ಒಡೆಯರಾಗಲಾರೆವು.