ಅಗಸೆಯಲ್ಲಿ ಕೂಗಿದ ಬಿರುದು

ನಿಮ್ಮ ಮುತ್ತಜ್ಜನ ಮುತ್ತಜ್ಜ ಇನ್ನೂ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದ ಕಾಲಕ್ಕೂ ಹಿಂದೆ, ಕಲ್ಲುಗುಡ್ಡದ ಬುಡದಲ್ಲಿ ಒಂದು ಊರಿತ್ತಂತೆ. ಊರ ತುಂಬ ಮನುಷ್ಯರಿಗಿಂತ ದನಗಳೇ ಜಾಸ್ತಿ. ಸುತ್ತ ಕೋಟೆಗೋಡೆ, ಗೋಡೆಗೆ ಒಂದೇ ಒಂದು ಅಗಸೆಬಾಗಿಲು, ಬಾಗಿಲಲ್ಲಿ ತಳವಾರ ಕೊಂಡಜ್ಜ, ಕೊಂಡಜ್ಜನ ಕೊರಳಲ್ಲಿ ಒಂದು ತಮಟೆ. ಇಷ್ಟನ್ನ ತಲೇಲಿ ಇಟ್ಕೊಳ್ಳಿ, ಆಮೇಲೆ ನಡುವೆ ಬಾಯಿ ಹಾಕಿ ಯಾರು ಏನು ಅಂತ ಕೇಳಬೇಡಿ.

ಆ ಊರಲ್ಲಿ ಬೊಮ್ಮಕ್ಕ ಅಂತ ಒಬ್ಬಳಿದ್ದಳಂತೆ. ಗಂಡ ಜ್ವರ ಬಂದು ತೀರಿಹೋದಾಗ ಮಗಳು ಚೆನ್ನಿ ಇನ್ನೂ ಮೊಲೆ ಕುಡಿಯುವ ಕೂಸು. ಉಳಿದದ್ದು ಒಂದು ಹೊಲ, ಒಂದು ಬಾವಿ, ಕರಿಯ ಬಿಳಿಯ ಅಂತ ಒಂದು ಜೊತೆ ಎತ್ತು. ಬೊಮ್ಮಕ್ಕ ಅಳುವಷ್ಟು ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಕಪಿಲೆ ಹೊಡೆಯಲು ನಿಂತಳಂತೆ.

ಕಪಿಲೆ ಅಂದರೆ ಹುಡುಗಾಟ ಅಲ್ಲ. ಬಾವಿಗೆ ತೊಗಲಿನ ಬಾನಿ ಇಳಿಬಿಟ್ಟು, ಅದಕ್ಕೆ ತೋಳುಗಾತ್ರದ ಮಿಣಿಹಗ್ಗ ಕಟ್ಟಿರುತ್ತಾರೆ. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ಎಳೆದರೆ ನೀರು ಮೇಲೆ ಬರುತ್ತೆ. ನೀರು ಸುರಿದ ಮೇಲೆ ಅವೇ ಎತ್ತುಗಳು ಹಿಂದುಹಿಂದಕ್ಕೆ ಹೆಜ್ಜೆ ಇಟ್ಟು ದಿಬ್ಬ ಏರಬೇಕು. ಹಿಂದಕ್ಕೆ ನಡೆಯೋದು ಎತ್ತಿಗೂ ಇಷ್ಟ ಇಲ್ಲ, ನಮಗೂ ಇಷ್ಟ ಇಲ್ಲ. ಅದಕ್ಕೇ ಅವಕ್ಕೆ ಹಾಡಬೇಕು. "ಹಿಂದಕ್ಕೆ ಬಾರೋ ನನ್ನಪ್ಪಾ, ಹಿಂದಕ್ಕೆ ಬಾರೋ" ಅಂತ ಬೊಮ್ಮಕ್ಕ ದನಿ ತೆಗೆದರೆ ಕರಿಯ ಬಿಳಿಯ ಕಣ್ಣು ಅರೆಮುಚ್ಚಿಕೊಂಡು ಹಿಂದೆ, ಹಿಂದೆ, ಇನ್ನೂ ಹಿಂದೆ ಬರೋವಂತೆ. ಆ ದನಿ ಗುಡ್ಡ ದಾಟಿ ಸೀಮೆಕಲ್ಲಿನ ತನಕ ಕೇಳಿಸೋದಂತೆ.

ಒಂದು ದಿನ ಊರ ಗೂಳಿಗೆ ಮದವೇರಿ, ನೀರಿಗೆ ಬಂದ ಹೆಂಗಸರ ಮೇಲೆ ನುಗ್ಗಿತು. ಬೊಮ್ಮಕ್ಕ ಓಡಲಿಲ್ಲ. ಕೊಂಬು ಹಿಡಿದು, ಕತ್ತು ತಿರುವಿ, ಗೂಳಿಯ ಗದ್ದವನ್ನ ನೆಲಕ್ಕೆ ಹಚ್ಚಿ ಕೂರಿಸಿದಳಂತೆ. ಅದೇ ಕೆಲಸ ಒಬ್ಬ ಗಂಡಸು ಮಾಡಿದ್ದರೆ ಗಂಡುಗಲಿ ಅಂತ ಹೆಗಲ ಮೇಲೆ ಹೊತ್ತು ಮೆರೆಸೋರು. ಅವಳಿಗೆ ಏನಂದರು ಗೊತ್ತಾ? ಗಂಡುಬೀರಿ ಅಂದರು. ಅವಳ ಎದುರಿಗೆ ಅನ್ನೋ ಧೈರ್ಯ ಯಾರಿಗೂ ಇಲ್ಲ, ಬಾವಿ ಹಿಂದೆ, ಗೋಡೆ ಮರೇಲಿ. ಜೀವ ಉಳಿಸಿಕೊಂಡ ಹೆಂಗಸರೂ ಅದನ್ನೇ ಅಂದರಂತೆ, ನೋಡಿ ಈ ಜನದ ಋಣ.

ಬೊಮ್ಮಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಚೆನ್ನಿ ದೊಡ್ಡವಳಾದಳು. ಹೆಣ್ಣು ನೋಡೋಕೆ ಬಂದೋರು ಮಜ್ಜಿಗೆ ಕುಡಿಯೋರು, ಹುಡುಗೀನ ಮೆಚ್ಚೋರು, ಹೋಗುವಾಗ ದಾರೀಲಿ ಯಾರೋ "ಅಯ್ಯೋ, ಆ ಗಂಡುಬೀರಿ ಮಗಳಾ?" ಅನ್ನೋರು. ಅಷ್ಟೇ, ಆ ಕಡೆಯಿಂದ ಆಮೇಲೆ ಕಾಗೆಯೂ ಹಾರಿ ಬರುತ್ತಿರಲಿಲ್ಲ. ಹೀಗೇ ಒಂದಾಯಿತು, ಎರಡಾಯಿತು, ಮೂರಾಯಿತು. ಆಗ ಬೊಮ್ಮಕ್ಕನ ಎದೆಗೆ ಮುಳ್ಳು ಚುಚ್ಚಿತು.

ತಮ್ಮ ಚಿಕ್ಕಣ್ಣ ಬಂದು ಕೂತ. "ಅಕ್ಕಾ, ಬೇಜಾರು ಮಾಡ್ಕೋಬೇಡ. ನಿನ್ನ ಗಂಟಲು ಮುಚ್ಚಿದರೆ ಮಾತ್ರ ಚೆನ್ನಿ ಕೊರಳಿಗೆ ತಾಳಿ ಬೀಳೋದು."

ಬೊಮ್ಮಕ್ಕ ಮಗಳ ಮುಖ ನೋಡಿದಳು. ಎದ್ದು ಹೋಗಿ ಮನೆದೇವರ ಮುಂದೆ ದೀಪ ಹಚ್ಚಿ ಹರಕೆ ಕಟ್ಟಿಕೊಂಡಳು. ಮಗಳಿಗೆ ತಾಳಿ ಬೀಳೋ ತನಕ ದನಿ ಎತ್ತೋದಿಲ್ಲ, ಮಿಣಿ ಮುಟ್ಟೋದಿಲ್ಲ, ತಲೆ ಮೇಲಿನ ಸೆರಗು ಜಾರಿಸೋದಿಲ್ಲ.

ಕೂಲಿಯವನು ಬಂದ. ಕರಿಯ ಬಿಳಿಯ ಅವನ ಹಾಡಿಗೆ ಜಪ್ಪಯ್ಯ ಅನ್ನಲಿಲ್ಲ. ಹೊಲ ಒಣಗಿತು, ಬೊಮ್ಮಕ್ಕ ಒಲೆ ಮುಂದೆ ಕೂತು ಕೈ ಹಿಸುಕಿಕೊಂಡಳು. ಅಷ್ಟು ದೊಡ್ಡ ಹೆಂಗಸು ಬೆಕ್ಕಿನ ಹಾಗೆ ಓಡಾಡೋದನ್ನ ನೋಡಿದರೆ ಅಳು ಬರಬೇಕಂತೆ. ಊರವರಿಗೆ ಮಾತ್ರ ಖುಷಿ. "ಈಗ ನೋಡು, ಹೆಂಗಸಿನ ಹಾಗೆ ಕಾಣ್ತಾಳೆ" ಅಂದರಂತೆ.

ಆ ಹರಕೆ ಫಲ ಕೊಟ್ಟಿತು ಅನ್ನಿ. ಗುಡ್ಡದಾಚೆ ಊರಿನ ತಿಪ್ಪೇಗೌಡ ತನ್ನ ಮಗ ಓಬಳೇಶನಿಗೆ ಚೆನ್ನೀನ ಕೇಳಿಕೊಂಡು ಬಂದ. ಚಿಕ್ಕಣ್ಣ ಹಲ್ಲು ಗಿಂಜಿಕೊಂಡು, "ಗೌಡ್ರೇ, ನಮ್ಮಕ್ಕ ಬಾಯಿಗೆ ಬೆರಳಿಟ್ಟರೂ ಕಚ್ಚೋಳಲ್ಲ" ಅಂದ. ಬೊಮ್ಮಕ್ಕ ಬಾಗಿಲ ಹಿಂದೆ ತುಟಿ ಬಿಗಿಹಿಡಿದು ನಿಂತಿದ್ದಳು. ಮದುವೆ ಗೊತ್ತಾಯಿತು.

ಆ ಊರಲ್ಲಿ ಮದುವೆಗೆ ಒಂದು ಪದ್ಧತಿ. ದಿಬ್ಬಣ ಬರೋ ದಿನ ಊರ ಗಂಡಸರೆಲ್ಲ ತಮ್ಮ ಕತ್ತಿ ದೊಣ್ಣೆಗಳನ್ನ ಅಗಸೆಯಲ್ಲಿ ರಾಶಿ ಹಾಕಿ, ಬರಿಗೈಯಲ್ಲಿ ಸೀಮೆಕಲ್ಲಿಗೆ ಹೋಗಿ ಬೀಗರನ್ನ ಎದುರುಗೊಳ್ಳಬೇಕು. ಬೀಗರ ಎದುರಿಗೆ ಆಯುಧ ಹಿಡಿದರೆ ಅವಮಾನ, ಎದುರುಗೊಳ್ಳೋಕೆ ಹೋಗದಿದ್ದರೆ ಇನ್ನೂ ಅವಮಾನ. ಅದಕ್ಕೆ ಮುದುಕರು ಕೂಡ ಹೋಗೋರು. ಈ ಪದ್ಧತಿ ಚೆನ್ನಾಗೇ ಇತ್ತು, ಆದರೆ ಅದು ಬೀಗರಿಗೆ ಗೊತ್ತಿದ್ದ ಹಾಗೆ ದನಗಳ್ಳರಿಗೂ ಗೊತ್ತಿತ್ತು.

ಗಂಡಸರು ಅತ್ತ ಹೋದರು. ಇತ್ತ ಕೆರೆಯಾಚೆಯ ಹುಲ್ಲುಬಯಲಿಗೆ ಕುದುರೆ ಮೇಲೆ ಕಳ್ಳರು ಬಂದರು. ದನ ಕಾಯೋರನ್ನ ಕಟ್ಟಿಹಾಕಿ, ಊರಿನ ಅಷ್ಟೂ ದನಗಳನ್ನ ಅಟ್ಟಿಕೊಂಡು ಹೊರಟರು. ಮಂದೆ ನೆಟ್ಟಗೆ ನಡೀಲಿ ಅಂತ ಮುಂದೆ ಒಂದು ಗಟ್ಟಿ ಜೋಡಿ ಬೇಕಲ್ಲ, ಕಣ್ಣಿಗೆ ಬಿದ್ದ ಕರಿಯನನ್ನೂ ಬಿಳಿಯನನ್ನೂ ಮುಂದಕ್ಕೆ ಬಿಟ್ಟರು. ಪಾಪ, ಅವರಿಗೇನು ಗೊತ್ತು.

ಅಗಸೆಯಲ್ಲಿ ಕೊಂಡಜ್ಜ ಧೂಳು ನೋಡಿ ತಮಟೆ ಬಡಿದ. ಓಡಿ ಬಂದವರೆಲ್ಲ ಹೆಂಗಸರು, ಮಕ್ಕಳು. ಆದರೂ ರಿವಾಜು ಬಿಡೋಕಾಗುತ್ತಾ? ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟು ಮುಂದೆ ಚಾಚಿದ. ಆ ವೀಳ್ಯ ಎತ್ತಿದವರು ದನ ಬಿಡಿಸಿ ತರಬೇಕು, ತರೋ ತನಕ ಊರೆಲ್ಲ ಅವರು ಹೇಳಿದ ಹಾಗೆ ಕೇಳಬೇಕು. ತಂದರೆ ಅವರ ಬಿರುದನ್ನ ಅಗಸೆಯಲ್ಲಿ ತಮಟೆ ಬಡಿದು ಕೂಗಬೇಕು, ಕೂಗೋ ತನಕ ಒಂದು ಕರುವೂ ಊರೊಳಗೆ ಕಾಲಿಡುವ ಹಾಗಿಲ್ಲ.

"ಯಾರಾದ್ರೂ ಎತ್ತಿ ತಾಯಂದಿರಾ" ಅಂದ ಕೊಂಡಜ್ಜ. ಎಲ್ಲರ ಕಣ್ಣೂ ಬೊಮ್ಮಕ್ಕನ ಮೇಲೆ. ಬೊಮ್ಮಕ್ಕನ ಕಣ್ಣು ನೆಲದ ಮೇಲೆ. ಗುಡ್ಡದಾಚೆ ದಿಬ್ಬಣದ ವಾಲಗ ಕೇಳಿಸುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮಗಳಿಗೆ ತಾಳಿ, ಊರಿಗೆ ಬರಿ ಕೊಟ್ಟಿಗೆ. ವೀಳ್ಯ ಎತ್ತಿದರೆ ಊರಿಗೆ ದನ, ಮಗಳಿಗೆ ಮತ್ತೆ ಮುರಿದ ಸಂಬಂಧದ ಕಣ್ಣೀರು.

ಬಾಸಿಂಗ ಕಟ್ಟಿಕೊಂಡು ನಿಂತಿದ್ದ ಚೆನ್ನಿ ತಾಯಿಯ ತೋಳು ಹಿಡಿದಳು. "ಅವ್ವಾ, ಎತ್ತು."

"ಮದುವೆ ಮುರೀತದೆ ಮಗಳೇ."

"ನಿನ್ನ ಕೈ ಕಟ್ಟಿಹಾಕಿ ನಾನು ತಾಳಿ ಕಟ್ಟಿಸ್ಕೊಂಡರೆ, ಆ ಮನೇಲಿ ನಾಳೆ ನನ್ನ ಕೈನೂ ಕಟ್ತಾರೆ. ಎತ್ತವ್ವ."

ಬೊಮ್ಮಕ್ಕ ವೀಳ್ಯ ಎತ್ತಿ ಬಾಯಿಗೆ ಹಾಕಿಕೊಂಡಳು. ಸೆರಗು ತಲೆಯಿಂದ ಜಾರಿ ಸೊಂಟಕ್ಕೆ ಬಂತು. ಹೆಂಗಸರು ಕತ್ತಿರಾಶಿಗೆ ಕೈ ಹಾಕಿದರು. "ಅವು ಅಲ್ಲೇ ಇರಲಿ. ನಿಮ್ಮ ಕೈಗೆ ಪಳಗಿದ್ದನ್ನ ತನ್ನಿ. ಎಲ್ಲ ಬಾವಿಯ ಮಿಣಿ ಬಿಚ್ಚಿ ತನ್ನಿ" ಅಂದಳಂತೆ.

ಊರ ಸೀಮೆ ದಾಟೋಕೆ ಮಂದೆ ಕೆರೆಯ ಏರಿ ಸುತ್ತಿಕೊಂಡು ಗುಡ್ಡದ ಕಣಿವೆಗೇ ಬರಬೇಕು. ಹೆಂಗಸರು ಸೌದೆ ತರೋ ಕಾಲುದಾರೀಲಿ ಗುಡ್ಡ ಹತ್ತಿ ಇಳಿದು ಮೊದಲೇ ಅಲ್ಲಿದ್ದರು. ಕಣಿವೆ ಅಂದರೆ ಗಾಡಿಯ ಅಗಲ. ಮಿಣಿಗಳ ಒಂದು ತುದಿ ಬಂಡೆಗೆ ಬಿಗಿದು, ಇನ್ನೊಂದು ತುದಿ ಹಿಡಿದು ಪೊದೆಯಲ್ಲಿ ಕೂತರು. ಹಗ್ಗದ ಮೇಲೆ ಧೂಳು ಮುಚ್ಚಿದರು. ಮುಂದೆ ಇಬ್ಬರು ಕುದುರೆ ಸವಾರರು ಬಂದರು, ಸುಮ್ಮನೆ ಬಿಟ್ಟರು. ಕರಿಯ ಬಿಳಿಯ ಬಂದವು, ಹಿಂದೆ ಮಂದೆ ಬಂತು. ಮಂದೆಯ ಬಾಲಕ್ಕೆ ಉಳಿದ ಕಳ್ಳರು ಕೇಕೆ ಹಾಕುತ್ತ ಕಣಿವೆಗೆ ಇಳಿದರು.

ಆಗ ಬೊಮ್ಮಕ್ಕ ಬಂಡೆ ಮೇಲೆ ಎದ್ದು ನಿಂತಳು. ಅಷ್ಟು ದಿನ ಅದುಮಿಟ್ಟ ದನಿ ಒಂದೇ ಸಲಕ್ಕೆ ಹೊರಗೆ ಬಂತು.

"ಹಿಂದಕ್ಕೆ ಬಾರೋ ನನ್ನಪ್ಪಾ, ಹಿಂದಕ್ಕೆ ಬಾರೋ!"

ಕರಿಯ ನಿಂತ. ಬಿಳಿಯ ನಿಂತ. ಕಣ್ಣು ಅರೆಮುಚ್ಚಿಕೊಂಡು ಹಿಂದಕ್ಕೆ ಹೆಜ್ಜೆ ಇಟ್ಟವು. ಮುಂದಿನ ಜೋಡಿ ಹಿಂದಕ್ಕೆ ಬಂದರೆ ಹಿಂದಿನವು ಏನು ಮಾಡಬೇಕು? ಅವೂ ತಿರುಗಿದವು. ಇಡೀ ಮಂದೆ ಕಣಿವೆಯಲ್ಲಿ ಕಳ್ಳರ ಎದೆ ಮೇಲೆ ತಿರುಗಿ ಬಂತು. ಕುದುರೆಗಳು ಹೆದರಿ ಹಿಂದೆ ಓಡಲು ಹೋದವು. "ಎಳೀರಿ" ಅಂದಳು ಬೊಮ್ಮಕ್ಕ. ಹೆಂಗಸರು ಮಿಣಿ ಜಗ್ಗಿದರು. ದಿನಾ ನೀರು ಸೇದೋ ಕೈಗಳು ಅವು. ಕುದುರೆಗಳು ಮುಗ್ಗರಿಸಿದವು, ಸವಾರರು ದೊಪ್ಪದೊಪ್ಪನೆ ಬಿದ್ದರು.

ಕಳ್ಳರ ನಾಯಕ ಎದ್ದು ಕತ್ತಿ ಬೀಸಿದ. ಬೊಮ್ಮಕ್ಕನ ಭುಜ ಸೀಳಿತು. ಅವಳು ಅಳಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಗೂಳಿಯ ಕೊಂಬು ಹಿಡಿದ ಹಾಗೆ ಅವನ ಮಣಿಕಟ್ಟು ಹಿಡಿದು ತಿರುವಿದಳು. ಕತ್ತಿ ಬಿತ್ತು, ಅವನೂ ಕೂತ. ಅವನದೇ ರುಮಾಲಿನಲ್ಲಿ ಅವನ ಕೈ ಕಟ್ಟಿ ಬಿಳಿಯನ ಹಗ್ಗಕ್ಕೆ ಗಂಟು ಹಾಕಿದಳಂತೆ. ಮುಂದೆ ಹೋಗಿದ್ದ ಇಬ್ಬರು ತಿರುಗಿ ನೋಡಿ ಕುದುರೆ ಬಿಟ್ಟುಕೊಂಡು ಓಡಿದವರು ಇನ್ನೂ ಓಡ್ತಾನೇ ಇರಬೇಕು.

ಇತ್ತ ಸೀಮೆಕಲ್ಲಿನಲ್ಲಿ ವಾಲಗ ನಿಂತುಹೋಗಿತ್ತು. ಆ ದನಿ ಎಲ್ಲರಿಗೂ ಕೇಳಿಸಿತ್ತು. ಊರವರು ಮುಖ ಮುಖ ನೋಡಿಕೊಂಡು ಓಡಿ ಬಂದರು, ಅವರ ಹಿಂದೆ ದಿಬ್ಬಣವೂ ಬಂತು. ಅಗಸೆಯ ಮುಂದೆ ಬಂದು ನೋಡಿದರೆ ಮಂದೆ, ಕಟ್ಟಿಹಾಕಿದ ಕಳ್ಳರು, ನಡುವೆ ನೆತ್ತರು ಸುರಿಸಿಕೊಂಡು ನಿಂತ ಬೊಮ್ಮಕ್ಕ.

ತಿಪ್ಪೇಗೌಡ ಚಿಕ್ಕಣ್ಣನ ಕಡೆ ತಿರುಗಿದ. "ಇವಳೇನಯ್ಯ ಬಾಯಿಗೆ ಬೆರಳಿಟ್ಟರೂ ಕಚ್ಚದೋಳು? ದಿಬ್ಬಣ ತಿರುಗಿಸ್ರೋ."

ಭುಜದ ಗಾಯವೂ ಉರಿಯದಷ್ಟು ಆ ಮಾತು ಉರಿಯಿತು ಬೊಮ್ಮಕ್ಕನಿಗೆ. ಮಗಳ ಬಾಸಿಂಗ ನೋಡಿದಳು, ಕಣ್ಣು ತುಂಬಿತು. ಆದರೆ ಕೊಂಡಜ್ಜ ಅಡ್ಡ ಬಂದ. "ತಡೀರಿ ಗೌಡ್ರೇ. ಬಿರುದು ಕೂಗೋ ತನಕ ಯಾರೂ ಕದಲೋ ಹಾಗಿಲ್ಲ. ಬೀಗರಾದರೂ ಸರಿ."

ಹಿರಿಯರು ಕೂತರು. ಯಾವ ಬಿರುದು? ಗಂಡುಗಲಿ ಅನ್ನೋಣ ಅಂದ ಒಬ್ಬ, ಆಗಲ್ಲ ಅಂದರು. ಹುಲಿಮೀಸೆ ಅಂದ ಇನ್ನೊಬ್ಬ, ಮಕ್ಕಳು ನಕ್ಕವು. ಹೆಂಗಸರಿಗೆ ಇರೋ ಮಾತು ಹುಡುಕಿದರು. ಬಜಾರಿ, ಗಯ್ಯಾಳಿ, ಗಟವಾಣಿ, ಮಾರಿ. ಕೊಂಡಜ್ಜ ತಲೆ ಚಚ್ಚಿಕೊಂಡ. "ಇಷ್ಟು ವರ್ಷ ಬದುಕಿದ್ದೀರಲ್ಲ, ಹೆಂಗಸರಿಗೆ ಜಗಳಕ್ಕೆ ಆಗೋ ಮಾತು ಬಿಟ್ಟು ತಮಟೆಗೆ ಆಗೋ ಮಾತು ಒಂದೂ ಮಾಡಿಟ್ಟಿಲ್ಲವಲ್ರಪ್ಪ."

"ಅವಳ ಗಂಡನ ಹೆಸರಲ್ಲಿ ಕೂಗಿಬಿಡೋಣ" ಅಂದ ಒಬ್ಬ ಜಾಣ.

"ಅವರು ಜ್ವರದಲ್ಲಿ ಹೋದೋರು. ಹೋದ ಮೇಲೂ ಅವರಿಗ್ಯಾಕೆ ಕೆಲಸ ಹಚ್ತೀರಿ?" ಅಂದಳು ಬೊಮ್ಮಕ್ಕ. ಆಮೇಲೆ ಎಲ್ಲರ ಮುಖ ಒಂದೊಂದಾಗಿ ನೋಡಿದಳು. "ನನಗೆ ಹೊಸದು ಬೇಡ. ಬಾವಿ ಹಿಂದೆ, ಗೋಡೆ ಮರೇಲಿ ನೀವೇ ಒಂದು ಬಿರುದು ಕೊಟ್ಟಿದ್ದೀರಲ್ಲ. ಅದನ್ನೇ ಕೂಗಿ. ಇಷ್ಟು ದಿನ ಪಿಸುಗುಟ್ಟಿದ್ದನ್ನ ಈಗ ಗಟ್ಟಿಯಾಗಿ ಹೇಳಿ."

ಅಂದು ಗೂಳಿಯಿಂದ ಜೀವ ಉಳಿಸಿಕೊಂಡ ಹೆಂಗಸರು ತಲೆ ತಗ್ಗಿಸಿದರು. ಕೊಂಡಜ್ಜ ಎದ್ದು, ತಮಟೆ ಬಿಸಿಲಿಗೆ ಹಿಡಿದು ಕಾಯಿಸಿ ಬಾರಿಸಿದ. "ಕೇಳ್ರಪ್ಪೋ ಕೇಳ್ರಿ. ದನ ತಂದವಳು, ನೆತ್ತರು ಕೊಟ್ಟವಳು, ಗಂಡುಬೀರಿ ಬೊಮ್ಮಕ್ಕ." ಮೂರು ಸಲ ಕೂಗಿದ. ಬಿರುದು ಕೂಗುವಾಗ ಕೇಳಿದವರೆಲ್ಲ ಎದ್ದು ರುಮಾಲು ತೆಗೆಯಬೇಕು. ಊರೆಲ್ಲ ತೆಗೆಯಿತು, ಓಬಳೇಶ ಬಾಸಿಂಗದ ಸಮೇತ ತಲೆ ಬಾಗಿಸಿದ. ತಿಪ್ಪೇಗೌಡನೂ ಗೊಣಗಿಕೊಂಡೇ ತೆಗೆದ. ದನಗಳು ಊರೊಳಗೆ ಬಂದವು.

ಅಷ್ಟಕ್ಕೇ ಸುಮ್ಮನಿದ್ದರೆ ಗೌಡನ ಮಾನ ಉಳೀತಿತ್ತು. ರುಮಾಲು ಸುತ್ತಿಕೊಳ್ಳುತ್ತ, "ಆದರೂ ಗಂಡುಬೀರಿ ಮನೆ ಹೆಣ್ಣು ನಮಗೆ ಬೇಡ" ಅಂದುಬಿಟ್ಟ. ಅಗಸೆಯಲ್ಲಿ ಕೂಗಿದ ಬಿರುದನ್ನ ಬೈಗುಳ ಮಾಡಿದರೆ ಆ ಊರಲ್ಲಿ ದಂಡ. ಬಿರುದಿನವರ ಹೊಲದಲ್ಲಿ ಹೊತ್ತು ಮುಳುಗೋ ತನಕ ದುಡೀಬೇಕು. ಕೊಂಡಜ್ಜ ಗೌಡನ ರಟ್ಟೆ ಹಿಡಿದು ಬೊಮ್ಮಕ್ಕನ ಕಪಿಲೆ ತೋರಿಸಿದ.

ರೇಷ್ಮೆ ರುಮಾಲಿನ ಗೌಡ ಕಪಿಲೆ ಹೊಡೆಯೋದನ್ನ ನೋಡೋಕೆ ಎರಡೂ ಊರು ನೆರೆಯಿತು. ಎತ್ತುಗಳು ಮುಂದೆ ಹೋದವು, ಬಾನಿ ಬಂತು, ನೀರು ಗೌಡನ ಮೈಮೇಲೆ. ಹಿಂದಕ್ಕೆ ಬಾ ಅಂದರೆ ಅಲ್ಲಾಡಲಿಲ್ಲ. ಬೈದ, ಬೇಡಿದ, ಹಾಡಿದ. ಆ ಹಾಡು ಕೇಳಿ ಕರಿಯ ಮಲಗೇಬಿಟ್ಟನಂತೆ. ಕೊನೆಗೆ ಚೆನ್ನಿಗೆ ಕರುಳು ಚುರಕ್ ಅಂತು. ಬಾಸಿಂಗ ಸರಿಮಾಡಿಕೊಂಡು ದಿಬ್ಬದ ಮೇಲೆ ನಿಂತು, "ಹಿಂದಕ್ಕೆ ಬಾರೋ ನನ್ನಪ್ಪಾ" ಅಂತ ದನಿ ಎತ್ತಿದಳು. ತಾಯಿಯದೇ ದನಿ, ಗುಡ್ಡಕ್ಕೆ ಬಡಿದು ತಿರುಗಿ ಬಂತು. ಎತ್ತುಗಳು ಹಿಂದೆ, ಹಿಂದೆ, ಇನ್ನೂ ಹಿಂದೆ ಬಂದವು.

ತಿಪ್ಪೇಗೌಡ ಮಿಣಿ ಮೇಲೆ ಕುಸಿದು ಕೂತ. ಆಮೇಲೆ ಮೆಲ್ಲಗೆ ಅಂದ. "ಹೋದ ವರ್ಷ ನಮ್ಮೂರ ದನಾನೂ ಹಿಂಗೇ ಹೊಡ್ಕೊಂಡು ಹೋದರು ಕಣಮ್ಮ. ನಾವು ಗಂಡಸರು ನೆಲದೊಳಗಿನ ಹಗೇವಿನಲ್ಲಿ ಕಾಳಿನ ಜೊತೆ ಅವಿತು ಕೂತಿದ್ವಿ. ಯಾರಿಗೂ ಹೇಳಿಲ್ಲ." ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಈ ಸಲ ಯಾರೂ ತೆಗಿ ಅಂದಿರಲಿಲ್ಲ. "ಬೊಮ್ಮಕ್ಕಾ, ನಿನ್ನ ಮಗಳೂ ಗಂಡುಬೀರೀನೇನಮ್ಮ?"

ಕೊಂಡಜ್ಜ ದಂಡ ಹಾಕಲೋ ಬೇಡವೋ ಅಂತ ಗೌಡನ ಮುಖ ನೋಡಿದ. ಗೌಡನ ಕಣ್ಣಲ್ಲಿ ನೀರಿತ್ತು. ಕೊಂಡಜ್ಜ ತಮಟೆ ಇಳಿಸಿಟ್ಟ.

ಬೊಮ್ಮಕ್ಕ ಮಗಳನ್ನ ಮೇಲಿನಿಂದ ಕೆಳಗೆ ನೋಡಿದಳು. "ಇನ್ನೂ ಇಲ್ಲ ಗೌಡ್ರೇ" ಅಂದಳು. "ಅದನ್ನ ಗಳಿಸಬೇಕು."

ಅದೇ ದಿಬ್ಬದ ಮೇಲೆ, ಒದ್ದೆ ಮಣ್ಣಿನಲ್ಲಿ, ಚೆನ್ನಿಗೆ ತಾಳಿ ಬಿತ್ತಂತೆ. ಅಂದಿನಿಂದ ಆ ಊರಲ್ಲಿ ಹೆಣ್ಣುಕೂಸು ಹುಟ್ಟಿದರೆ ಮುದುಕಿಯರು ಕಿವಿಯಲ್ಲಿ "ಗಂಡುಬೀರಿ ಆಗು ಮಗಳೇ" ಅಂತ ಹರಸುತ್ತಾರಂತೆ. ಬೇರೆ ಊರುಗಳಲ್ಲಿ ಅದು ಇವತ್ತಿಗೂ ಬೈಗುಳ. ಏನು ಮಾಡೋದು, ಕೊಂಡಜ್ಜನ ತಮಟೆ ಸದ್ದು ಅಲ್ಲಿಗೆಲ್ಲ ಇನ್ನೂ ಮುಟ್ಟಿಲ್ಲ. ಅವಳ ಮಿಣಿ ಅವಳ ಬಾವಿಗೆ, ಅವಳ ದನಿ ಗುಡ್ಡದಾಚೆಗೆ, ಈ ಕತೆ ಕೇಳಿದವರ ಮಡಿಲಿಗೆ.