ದೊರೆ ಕೂತ ಹರಿಗೋಲು

ಒಂದೂರಂತೆ, ಊರ ಮಗ್ಗುಲಲ್ಲಿ ಒಂದು ಹೊಳೆಯಂತೆ. ಹೊಳೆ ದಾಟಿಸೋಕೆ ಕೆಂಚಯ್ಯ ಅಂತ ಒಬ್ಬ ಅಂಬಿಗ, ಅವನ ಹೆಂಡ್ತಿ ತಾಯವ್ವ. ಅವರಿಗೆ ಇದ್ದಿದ್ದು ಒಂದು ತೊಗಲಿನ ಹರಿಗೋಲು. ಮಕ್ಕಳಿಲ್ಲ ಮರಿಯಿಲ್ಲ, ಅವನಿಗೆ ಅವಳು, ಅವಳಿಗೆ ಅವನು.

ಒಂದಿನ ಆ ನಾಡಿನ ದೊರೆ ಬಂದ. ಮಾವನ ಮನೇಲಿ ಹಬ್ಬದೂಟ, ದಾಟಿಸು ಅಂದ. ಹೊಳೆ ನೋಡಿದ್ರೆ ಕೆಂಪಗೆ ದಡ ಮೀರಿ ಹರೀತಾ ಇದೆ. "ಬ್ಯಾಡಿ ಬುದ್ಧಿ, ನೀರು ಇಳೀಲಿ" ಅಂತ ಕೆಂಚಯ್ಯ ಕೈಮುಗಿದ. ದೊರೆಗಳ ಕಿವಿಗೆ ಅದೆಲ್ಲಿ ಕೇಳುತ್ತೆ? ರತ್ನಗಂಬಳಿ ಹಾಸಿಸಿಕೊಂಡು ದೊರೆ ಕೂತ. ಮಂತ್ರಿ, ಛತ್ರಿ ಹಿಡಿಯೋನು, ಚಾಮರ ಬೀಸೋನು, ಭಟರು, ಎಲ್ಲ ಹತ್ತಿದ್ರಂತೆ. ಗಂಡನಿಗೆ ಜೊತೆಯಾಗಿ ತಾಯವ್ವನೂ ಹತ್ತಿದ್ಲು.

ನಡುಹೊಳೇಲಿ ಬಂಡೆ ತಗುಲಿ ತೊಗಲು ಹರೀತು. ನೀರು ಬುಗುಬುಗು ಅಂತ ನುಗ್ತು. ಕೆಂಚಯ್ಯ ಹುಟ್ಟನ್ನ ಹೆಂಡ್ತಿ ಕೈಗೆ ಕೊಟ್ಟ, ತಲೆವಸ್ತ್ರ ಬಿಚ್ಚಿ ತೂತಿಗೆ ತುರುಕಿದ, ಮಂಡಿಯೂರಿ ಬಗ್ಗಿ ಎರಡೂ ಕೈಲಿ ಒತ್ತಿ ಹಿಡಿದ. "ಯಾರೂ ಏಳಬ್ಯಾಡಿ! ಕೂತ್ಕಂಡು ನೀರು ತೋಡಿ!" ಅಂತ ಕೂಗಿದ.

ಕಾಲಿಗೆ ನೀರು ತಗುಲಿದ್ದೇ ತಡ, ದೊರೆ ಗಾಬರಿಯಾಗಿ ಎದ್ದು ನಿಂತ. ದೊರೆ ನಿಂತಾಗ ಬೇರೆಯವರು ಕೂರೋದುಂಟಾ? ಎಲ್ರೂ ಎದ್ರು. ಹರಿಗೋಲು ವಾಲಿತು, ರತ್ನಗಂಬಳಿ ಜಾರಿ ಹೊಳೆ ಪಾಲಾಯ್ತು.

"ಕೂತ್ಕಳಿ ಬುದ್ಧಿ, ನಿಮ್ಮ ದಮ್ಮಯ್ಯ!" ಅಂದಳು ತಾಯವ್ವ.

"ಗಂಬಳಿ ತೇಲಿ ಹೋಗಿದೆ. ದೊರೆ ಬರೀ ನೆಲದಲ್ಲಿ ಕೂತ್ರೆ ಸಿಂಹಾಸನಕ್ಕೆ ಅವಮಾನ" ಅಂದ ಮಂತ್ರಿ. ಅಯ್ಯೋ, ಇವನ ಬುದ್ಧಿಗಷ್ಟು ಬೆಂಕಿ ಹಾಕ! ಅತ್ತಿತ್ತ ನೋಡಿದ, ಬಗ್ಗಿದ್ದ ಕೆಂಚಯ್ಯನ ಬೆನ್ನು ಕಾಣ್ತು. "ಇಗೋ ಪೀಠ, ಪ್ರಭು" ಅಂದ. ದೊರೆ ಅದರ ಮೇಲೆ ಕೂತ. ಎಲ್ರೂ ಕೂತ್ರು. ಹರಿಗೋಲು ನೆಟ್ಟಗಾಯ್ತು.

ತೂತಿನ ಸುತ್ತ ನೀರು ಒಸರ್ತಾನೇ ಇತ್ತು. ದೊರೆ ಭಾರಕ್ಕೆ ಕೆಂಚಯ್ಯನ ಮೊಣಕೈ ಮಡಚ್ಕೊಂಡ್ವು, ಗದ್ದ ನೀರಿಗೆ ತಾಗ್ತು. "ನೀರು ತೋಡ್ರಪ್ಪೋ!" ಅಂತ ತಾಯವ್ವ ಬಾಯಿ ಬಡ್ಕೊಂಡ್ಲು. ದೊರೆ ಎದುರು ಕೈಕಟ್ಟಿ ಕೂರೋದು ಪದ್ಧತಿಯಂತೆ, ಒಬ್ಬನೂ ಕೈ ಬಿಚ್ಚಲಿಲ್ಲ.

"ಏಳಿ ಬುದ್ಧಿ, ನನ್ ಗಂಡನ ಬಾಯಿಗೆ ನೀರು ಬಂತು!"

ದೊರೆ ಏಳೋಕೆ ಹೋದ. ಎಲ್ರೂ ಏಳೋಕೆ ಹೋದ್ರು. ಹರಿಗೋಲು ಮತ್ತೆ ವಾಲಿತು, ದೊರೆ ಹೆದರಿ ಕೂತೇಬಿಟ್ಟ. ತಾಯವ್ವ ಹುಟ್ಟು ಕೆಳಗಿಟ್ಟು ಗಂಡನ ಕಡೆ ಬರೋಕೆ ಎದ್ದಳು.

"ಹುಟ್ಟು ಬಿಡಬ್ಯಾಡ ಕಣೇ, ಮುಂದೆ ಸುಳಿ ಐತೆ" ಅಂದ ಕೆಂಚಯ್ಯ. ಅಷ್ಟರಲ್ಲಿ ನೀರು ಅವನ ಮೂಗು ಮುಳುಗಿಸ್ತು. ಏನು ಮಾಡ್ತಾಳೆ ಪಾಪ? "ಓ ಅನ್ನು, ಒಂದ್ಸಲ ಓ ಅನ್ನು" ಅಂತ ಅಳ್ತಾ ಅಳ್ತಾ ಹುಟ್ಟು ಹಾಕಿದ್ಲು.

ದಡ ಸಿಕ್ತು. ದೊರೆ ಎದ್ದ, ಎಲ್ರೂ ಎದ್ರು, ಜೈಕಾರ ಹಾಕಿದ್ರು. ಕೆಂಚಯ್ಯ ಏಳಲಿಲ್ಲ. ಉಸಿರು ಹೋಗಿದ್ರೂ ಕೈ ಎರಡೂ ತೂತಿನ ಮೇಲೇ ಇದ್ವಂತೆ.

ತಾಯವ್ವ ಗಂಡನ್ನ ಕೆಸರು ದಡಕ್ಕೆ ಎಳೆದು, ತಲೆ ತೊಡೆ ಮೇಲಿಟ್ಕೊಂಡು ಕೂತ್ಲು. ದೊರೆ ಮುಖ ಕಪ್ಪಿಟ್ಟಿತು. "ಏನು ಬೇಕು ಕೇಳಮ್ಮ. ಊರು ಕೊಡಲಾ, ಉಂಬಳಿ ಕೊಡಲಾ?"

"ಕೂತ್ಕಳಿ" ಅಂದಳಂತೆ.

ದೊರೆ ಕೆಸರು ನೋಡಿದ, ಮಂತ್ರಿ ಮುಖ ನೋಡಿದ. ಆಮೇಲೆ ಆ ಕೆಸರಲ್ಲೇ ಕುಕ್ಕರಿಸಿದ. ಮಂತ್ರಿ ಕೂತ, ಚಾಮರದೋನು ಕೂತ, ಎಲ್ರೂ ಕೂತ್ರು.

"ನಡುಹೊಳೇಲಿ ನಾನು ಕೇಳಿದ್ದೂ ಇಷ್ಟೇ ಅಲ್ವಾ ಬುದ್ಧಿ" ಅಂತ ತಾಯವ್ವ ಗೊಳೋ ಅಂತ ಅತ್ತಳಂತೆ.

ಅವಳು ಏಳಿ ಅನ್ನಲಿಲ್ಲ, ದೊರೆ ಏಳಲಿಲ್ಲ. ಅವರು ಆ ದಡದಲ್ಲಿ ಹಂಗೇ ಕೂತಿರ್ಲಿ, ಈ ದಡದೋರು ನಾವು ಮನೆಗೆ ಏಳೋಣ.